ಡಾಕ್ಟರಿಗೇ ಬೆವರಿಳಿಸಿದ ಮಾಮಾ

ಭಾಲ್ಕಿಯ ನಮ್ಮ ಮಾಮಾನನ್ನು ದವಾಖಾನೆಗೆ ಕರೆದೊಯ್ಯುವವರಿಗೆ ನನ್ನದೊಂದು ಸಲಹೆ: ಬೇಡ! ರೋಗಿ ಯಾರೇ ಇರಲಿ, ಬೆವರುವವರು ಡಾಕ್ಟರೇ.

ಹತ್ತು ವರ್ಷದ ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರವೇ ಮಾಮಾ ಬೀದರಿನ ನಮ್ಮ ಮನೆಗೆ ಬಂದಿಳಿದರು. ಕಂಕುಳಲ್ಲಿ ಇನ್ನೂರು ಪುಟದ ನೋಟುಬುಕ್ಕು. ಮಾಸ್ತರಿಕೆಯಿಂದ ನಿವೃತ್ತರಾದರೂ ಪ್ರಶ್ನೆ ಕೇಳುವುದರಿಂದ ಇನ್ನೂ ನಿವೃತ್ತರಾಗಿಲ್ಲ ನೋಡಿ! ಮರುದಿನ ನಮ್ಮ ಜೊತೆ ದವಾಖಾನೆಗೂ ಬಂದು ಡಾಕ್ಟರ ಎದುರು ಕೂತರು.

"ಕೂಸು ಸಕ್ರಿ ತಿಂದಿದ್ದಕ್ಕ ಬಂತೇನ್ರಿ ಡಾಕ್ಟರೇ?"

"ಅಲ್ರಿ. ಮೈ ಕಾಯೋ ಜೀವಕೋಶಗಳು ಇನ್ಸುಲಿನ್ ಮಾಡೋ ಜೀವಕೋಶಗಳನ್ನೇ ವೈರಿ ಅಂತ ತಿಳಿದು ಹೊಡದಾವ."

"ಅಂದ್ರ ಮನಿ ನಾಯಿ ಮನಿ ಮಂದಿಗೇ ಕಡದದ! ನಾಯಿಗಿ ಕಟ್ಟಿ ಹಾಕ್ರಿ ಮತ್ತ."

"ಪೂರಾ ಕಟ್ಟಿದ್ರ ಬ್ಯಾರೆ ರೋಗ ಬಂದಾಗ ಕಾಯೋರು ಯಾರ್ರಿ? ಮನಿಯವರ ಗುರ್ತು ಹಿಡಿಯೋದು ಅದಕ್ಕ ಕಲಿಸಬೇಕು. ಅದರದೇ ಸಂಶೋಧನಾ ನಡದದ. ಅಲ್ಲಿತನಕ ಇನ್ಸುಲಿನ್ ಒಂದಿನಾನೂ ಬಿಡಂಗಿಲ್ಲ."

ಮಾಮಾ ಬರೆದುಕೊಂಡರು. "ನಾಯಿಗಿ ಈಗ ಎಷ್ಟನೇ ಕ್ಲಾಸ್ ತನಕ ಕಲಿಸ್ಯಾರ್ರಿ?"

ಹೊರಗೆ ಕಾದಿದ್ದ ರೋಗಿಗಳು ಬಾಗಿಲು ಬಡಿದ ಮೇಲೆಯೇ ಅವರು ಎದ್ದದ್ದು.

ಆಮೇಲೆ ಭಾಲ್ಕಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇದೇ ಪಾಠ. ಒಬ್ಬರಂತೂ ತಮ್ಮ ಊರು ದಾಟಿದರೂ ಇಳಿಯಲಿಲ್ಲವಂತೆ. ಮಾಮಾ ಹೇಳುವ ಪ್ರಕಾರ ಆಸಕ್ತಿಯಿಂದ. ಕಂಡಕ್ಟರ್ ಹೇಳುವ ಪ್ರಕಾರ ನಿದ್ದೆಯಿಂದ!

ಮೊನ್ನೆ ಔರಾದಿನಲ್ಲಿ ನೆಂಟರ ಮದುವೆ. ಎಕಂಬಾದ ದೂರದ ಸಂಬಂಧಿಯೊಬ್ಬರು ಚೀಲದಿಂದ ಒಣಗಿದ ಬೇರೊಂದನ್ನು ತೆಗೆದರು. "ತೇದು ಕುಡಸ್ರಿ. ಸೂಜಿ ಬಂದ್ ಮಾಡ್ರಿ." ಸುತ್ತಲಿನ ಹೆಂಗಸರೆಲ್ಲ ತಲೆಯಾಡಿಸಿದರು. ದಿನಕ್ಕೆ ನಾಲ್ಕು ಸಲ ಮಗಳಿಗೆ ಸೂಜಿ ಚುಚ್ಚಿ ಸೋತಿದ್ದ ನನ್ನ ಕೈಯೂ, ಸುಳ್ಳೇಕೆ ಹೇಳಲಿ, ಆ ಬೇರಿನತ್ತ ಚಾಚಿತ್ತು.

ಮಾಮಾ ನಡುವೆ ಬಂದು ನಿಂತರು. "ಇದು ಎಷ್ಟು ಕೂಸುಗಳಿಗಿ ಕೊಟ್ಟೀರಿ? ಸೂಜಿ ಬಿಟ್ಟ ಮ್ಯಾಲ ಹ್ಯಾಂಗ ಅದಾವ? ಹೆಸರು, ಊರು ಹೇಳ್ರಿ, ಬರಕೊಂತೀನಿ."

ಮೂರನೇ ಪ್ರಶ್ನೆಗೆ ಬೇರು ಚೀಲ ಸೇರಿತು. ಐದನೆಯದಕ್ಕೆ ಬೇರಿನವರೇ ಮಾಯ!

ಊಟದ ಹೊತ್ತಾಯಿತು. ಮಗಳು ಕಾಣಲಿಲ್ಲ. ಹುಡುಕಿದರೆ ಒಳಕೋಣೆಯ ಕದದ ಹಿಂದೆ ಕೂತಿದ್ದಾಳೆ. ನನ್ನ ಹಿಂದೆಯೇ ಬಂದ, ಅವಳಿಗೆ ಅಜ್ಜನಾಗಬೇಕಾದ ಮಾಮಾನನ್ನು ಕಂಡವಳೇ ಕೇಳಿದಳು: "ಮುತ್ಯಾ, ನನ್ನ ಮೈಗಿ ನಾನೇ ಯಾಕ ಬ್ಯಾಡಾದೆ?"

ಮಾಮಾ ನೋಟುಬುಕ್ಕನ್ನು ಪಕ್ಕಕ್ಕಿಟ್ಟರು. ಮೆಲ್ಲಗೆ ಅವಳ ಪಕ್ಕ ನೆಲದ ಮೇಲೆ ಕೂತರು.

"ಗೊತ್ತಿಲ್ಲವ್ವ. ದೊಡ್ಡ ದೊಡ್ಡೋರಿಗೂ ಪೂರಾ ಗೊತ್ತಾಗಿಲ್ಲ. ನಿಂದೇನೂ ತಪ್ಪಿಲ್ಲ. ಇಷ್ಟು ಮಾತ್ರ ಖರೇ."

ನಾನು ಸೂಜಿ ಚುಚ್ಚುವಾಗ ಅವಳ ಕೈ ಹಿಡಿದುಕೊಂಡರು. ಕಣ್ಣು ಮುಚ್ಚಿಕೊಂಡದ್ದು ಮಾತ್ರ ಅವರೇ. ಮಗಳು ಅವರ ಕೈಯನ್ನು ತನ್ನ ಇನ್ನೊಂದು ಕೈಯಿಂದ ಸವರಿದಳು.

"ಆಯ್ತು ಮುತ್ಯಾ, ನೋವಾಗಿಲ್ಲ. ನಡಿ, ಉಣ್ಣಾಮು."