ಬಾಣ ಕಾಣೆಯಾದ ಬೆಳಗ್ಗೆ

ನಮ್ಮತ್ತೆ ಜಪಾನಿಗೆ ಬಂದದ್ದು ಮಗ-ಸೊಸೆಯನ್ನು ನೋಡಲಿಕ್ಕೆ ಎಂದು ನೀವು ನಂಬಿದರೆ ನಿಮ್ಮಷ್ಟು ಮುಗ್ಧರು ಯಾರೂ ಇಲ್ಲ. ಅವರು ಬಂದದ್ದು ಜಪಾನನ್ನು ಬಿಚ್ಚಿ ನೋಡಲಿಕ್ಕೆ! ಎರಡು ಸಾವಿರದ ಇಸವಿ ಹುಟ್ಟುತ್ತಲೇ ವೈಟುಕೆ ಬಂದು ಲೋಕದ ಯಂತ್ರಗಳೆಲ್ಲ ಒಮ್ಮೆಗೇ ಕೆಟ್ಟು ಕೂರುತ್ತವೆ ಎಂದು ಹೆದರಿಸಿದ್ದರಲ್ಲ, ಇಚಿಕಾವಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಆಗ ಒಂದು ಬಲ್ಬು ಕೂಡ ಕೆಡಲಿಲ್ಲ. ಮರುವರ್ಷ ನಮ್ಮತ್ತೆ ಬಂದರು.

ಮೈಸೂರಿನ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು ಅವರು. ಹುಡುಗರು ಕೆಡಿಸಿದ್ದನ್ನೆಲ್ಲ ವರ್ಷಗಟ್ಟಲೆ ರಿಪೇರಿ ಮಾಡಿದ ಕೈ, ಸುಮ್ಮನೆ ಮಡಿಲಲ್ಲಿ ಕೂತೀತೇ? ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿಗಳ ನಡುವೆ ಒಂದು ಕಟ್ಟು ಸ್ಕ್ರೂಡ್ರೈವರುಗಳೂ ವಿಮಾನ ಹತ್ತಿ ಬಂದಿದ್ದವು.

ನಮ್ಮ ಬಚ್ಚಲಿನ ಗೋಡೆಯಲ್ಲೊಂದು ಯಂತ್ರವಿತ್ತು. ಟಬ್ಬು ತುಂಬಿದೊಡನೆ ಅದರೊಳಗಿನ ಹೆಂಗಸು ಇಂಪಾದ ಜಪಾನಿಯಲ್ಲಿ ‘ಸ್ನಾನದ ನೀರು ಸಿದ್ಧವಾಗಿದೆ’ ಎನ್ನುತ್ತಿದ್ದಳು. ಎಲ್ಲಿ ಕೂತು ಮಾತಾಡುತ್ತಾಳೆ ನೋಡೋಣ ಎಂದು ಅತ್ತೆ ಮೂರನೇ ದಿನವೇ ಮುಚ್ಚಳ ಬಿಚ್ಚಿದರು. ಅಂದಿನಿಂದ ಆಕೆ ‘ಸ್ನಾನದ ನೀ...’ ಎಂದು ಅರ್ಧಕ್ಕೇ ನಿಲ್ಲಿಸತೊಡಗಿದಳು.

“ಪಾಪ, ಅವಳ ಗಂಟಲು ಕಟ್ಟೋಯ್ತು ಅತ್ತೆ!”

“ಇಷ್ಟು ವರ್ಷ ಒಬ್ಬಳೇ ಮಾತಾಡಿದಾಳೆ. ಸ್ವಲ್ಪ ಸುಧಾರಿಸ್ಕೊಳ್ಲಿ ಬಿಡು.”

ಪಕ್ಕದ ಮನೆಯ ಅಜ್ಜಿ ತಮ್ಮ ಹೊಲಿಗೆ ಯಂತ್ರ ತಂದರು. ಇವರಿಗೆ ಜಪಾನಿ ಬಾರದು, ಅವರಿಗೆ ಕನ್ನಡ ಬಾರದು. ಒಂದು ಗಂಟೆ ಇಬ್ಬರೂ ಎಡೆಬಿಡದೆ ಮಾತಾಡಿದರು, ಯಂತ್ರವೂ ಓಡಿತು! ಅಜ್ಜಿ ಒಂದು ಚೀಲ ಕಿತ್ತಳೆ ಕೊಟ್ಟು ಹೋದಮೇಲೆ ಅತ್ತೆ, “ಒಳ್ಳೇ ಹೆಂಗಸು. ಸೊಸೆ ಮಾತ್ರ ಸರಿಯಿಲ್ವಂತೆ” ಎಂದರು. ಹೇಗೆ ತಿಳಿಯಿತೋ!

ಇಂಥವರ ಕಣ್ಣಿಗೆ ನನ್ನ ಲ್ಯಾಪ್‌ಟಾಪ್ ಬೀಳದೆ ಇರುತ್ತದೆಯೇ? ಗಂಡನ ಕೆಲಸದ ಬೆನ್ನುಹತ್ತಿ ಬಂದು ಎರಡು ವರ್ಷ ಮನೆಯಲ್ಲೇ ಕೂತಿದ್ದ ನನ್ನನ್ನು ಕೊನೆಗೂ ಕೋಟೋ ಎಂಬಲ್ಲಿನ ಸಣ್ಣ ಕಂಪನಿಯೊಂದು ಇಂಟರ್‌ವ್ಯೂಗೆ ಕರೆದಿತ್ತು. ನಾನು ಬರೆದ ಪ್ರೋಗ್ರಾಮನ್ನು ನನ್ನ ಆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲೇ ಓಡಿಸಿ ತೋರಿಸಬೇಕು. ಅದರ ಫ್ಯಾನೋ, ಹಿಟ್ಟಿನ ಗಿರಣಿ! ನಡುವೆ ಬಿಸಿಯಾಗಿ ನಿಂತುಬಿಟ್ಟರೆ ಎಂದು ನಾನು ಗಂಡನ ಮುಂದೆ ಅತ್ತದ್ದು ಅತ್ತೆಯ ಕಿವಿಗೆ ಬಿದ್ದಿರಬೇಕು. ಇಂಟರ್‌ವ್ಯೂಗೆ ಹಿಂದಿನ ದಿನ ನಾನು ತರಕಾರಿ ಕೊಂಡು ಬರುವಷ್ಟರಲ್ಲಿ ಅದನ್ನು ಬಿಚ್ಚಿ, ಹಳೇ ಟೂತ್‌ಬ್ರಷ್ಷಿನಲ್ಲಿ ಧೂಳು ತೆಗೆದು, ಮುಚ್ಚಿ ಇಟ್ಟಿದ್ದರು.

ಇಂಟರ್‌ವ್ಯೂ ದಿನ ಬೆಳಗ್ಗೆ ಆನ್ ಮಾಡಿದೆ. ಫ್ಯಾನಿನ ಸದ್ದೇ ಇಲ್ಲ! ಪರದೆಯೂ ಬಂತು. ಬಾಣ ಮಾತ್ರ ಬರಲಿಲ್ಲ.

“ಅತ್ತೆ, ಕರ್ಸರ್ ಎಲ್ಲಿ?”

“ಯಾರು?”

“ಬಾಣ! ಬೆರಳಾಡಿಸಿದ ಹಾಗೆ ಓಡಾಡತ್ತಲ್ಲ, ಅದು!”

“ನಾನು ಬಾಣಗೀಣ ಏನೂ ತೆಗೀಲಿಲ್ಲಮ್ಮ. ಬರೀ ಧೂಳು ತೆಗ್ದೆ.”

ಕೀಲಿಗಳನ್ನೇ ಒತ್ತಿ ನೋಡಿದೆ. ಮೆನುಗಳೆಲ್ಲ ಜಪಾನಿಯಲ್ಲಿ. ಯಾವುದನ್ನು ಒತ್ತಿದೆನೋ, ಪ್ರಿಂಟರೇ ಇಲ್ಲದ ಮನೆಯಲ್ಲಿ ಪ್ರಿಂಟಿಂಗ್ ಶುರುವಾಯಿತು. ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ.

“ರೀಸ್ಟಾರ್ಟ್ ಮಾಡಿದ್ಯಾ?”

“ಮೂರು ಸಲ.”

“ಇನ್ನೊಂದ್ಸಲ ಮಾಡು. ಆಗ್ಲಿಲ್ಲ ಅಂದ್ರೆ ಒಂದು ಮೌಸ್ ತಗೊಂಡ್ಬಿಡು.”

ಸಾಫ್ಟ್‌ವೇರ್ ಇಂಜಿನಿಯರನ್ನು ಮದುವೆಯಾದರೆ ಸಿಗುವ ಸಹಾಯ ಇಷ್ಟೇ! ಅಂಗಡಿ ತೆರೆಯುವುದು ಹತ್ತಕ್ಕೆ, ನಾನು ಮನೆ ಬಿಡಬೇಕಾದದ್ದು ಒಂಬತ್ತೂವರೆಗೆ.

ಅಷ್ಟರಲ್ಲಿ ಅತ್ತೆ ಸ್ಕ್ರೂಡ್ರೈವರ್ ಹಿಡಿದು ಬಂದರು. ನನಗೆ ಎಲ್ಲಿತ್ತೋ ಸಿಟ್ಟು! “ದಯವಿಟ್ಟು ಮುಟ್ಬೇಡಿ! ಮಾಡಿದ್ದು ಸಾಕು!” ಎಂದು ಕಿರುಚಿಬಿಟ್ಟೆ. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಚಾಚಿದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು. “ನಾನು ಮುಟ್ಟಲ್ಲ. ನೀನೇ ಬಿಚ್ಚು, ನಾನು ಹೇಳ್ತೀನಿ.”

ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿದರು. ಯಾವ ಸ್ಕ್ರೂ ಮೊದಲು, ಎಲ್ಲಿ ಮೆಲ್ಲಗೆ ಎತ್ತಬೇಕು, ಎಲ್ಲ ಬಾಯಿಪಾಠ. “ಬೆರಳಾಡಿಸೋ ಜಾಗದ ಕೆಳಗೆ ಪಟ್ಟಿ ಥರ ಒಂದು ತಂತಿ ಇದ್ಯಲ್ಲ, ಅದು ನೆಟ್ಟಗೆ ಕೂತಿದ್ಯಾ ನೋಡು.”

ಕೂತಿರಲಿಲ್ಲ. ಸಾಕೆಟ್ಟಿನಿಂದ ಅರ್ಧ ಹೊರಗೆ ಬಂದಿತ್ತು. ಒಳಗೆ ತಳ್ಳಿ, ಮುಚ್ಚಿ, ಆನ್ ಮಾಡಿದೆ. ಪರದೆಯ ನಡುವೆ ಬಾಣ!

“ಅತ್ತೆ, ಬಂತು! ನೋಡಿ, ಬಂತು!” ಬಾಣವನ್ನು ಗಿರಗಿರನೆ ಸುತ್ತಿಸಿದೆ.

“ಹಾಂ, ಬಂತು ಬಂತು. ಒಳ್ಳೇದಾಯ್ತು” ಎಂದರು ಅತ್ತೆ. ಆದರೆ ಅವರು ನೋಡುತ್ತಿದ್ದದ್ದು ಬಾಣವೇ ಇಲ್ಲದ ಮೂಲೆಯನ್ನು.

ನನ್ನ ಕೈ ನಿಂತುಹೋಯಿತು.

“ಅತ್ತೆ... ನಿಮಗೆ ಕಾಣಿಸ್ತಿಲ್ವಾ?”

ಅವರು ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಮೆಲ್ಲಗೆ ಹೇಳಿದರು. “ಯುಗಾದಿಯಿಂದ ಎಲ್ಲಾ ಮಂಜುಮಂಜು ಕಣೇ. ಪೊರೆ ಬಂದಿರ್ಬೇಕು. ನಿನ್ನೆ ಆ ತಂತಿ ಸಿಕ್ಕಿಸಿದ್ದೂ ಅಂದಾಜಲ್ಲೇ. ಕೂತಿದೆ ಅಂದ್ಕೊಂಡೆ. ಅವನಿಗೆ ಹೇಳ್ಬೇಡ, ನಾಳೇನೇ ಊರಿಗೆ ಕಳಿಸ್ಬಿಡ್ತಾನೆ.”

ಲ್ಯಾಪ್‌ಟಾಪನ್ನು ನನ್ನತ್ತ ಎಳೆದುಕೊಂಡೆ. ಸೆಟ್ಟಿಂಗ್ ತೆರೆದು ಇದ್ದುದರಲ್ಲೇ ಅತಿ ದೊಡ್ಡ, ಕಪ್ಪು ಬಣ್ಣದ ಬಾಣ ಹುಡುಕಿ ಹಾಕಿದೆ. ಅವರ ತೋರುಬೆರಳು ಹಿಡಿದು ಪ್ಯಾಡಿನ ಮೇಲಿಟ್ಟೆ. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಪರದೆಗೆ ಮುಖ ತಾಗುವಷ್ಟು ಬಗ್ಗಿದ್ದ ಅತ್ತೆ ಮಗುವಿನ ಹಾಗೆ ನಕ್ಕರು.

“ಓ, ಇವನೇನಾ!”

“ಇವನೇ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ. ಊರಿಗೆ ಯಾರೂ ಕಳಿಸಲ್ಲ.”

“ಮೊದ್ಲು ನೀನು ಹೊರಡು. ರೈಲು ತಪ್ಪತ್ತೆ.”

ಪೊರೆಯ ಆಪರೇಷನ್ ಆಮೇಲೆ ಆಯಿತು, ನನಗೆ ಆ ಕೆಲಸವೂ ಸಿಕ್ಕಿತು. ಆದರೆ ಅಂದು ಇಂಟರ್‌ವ್ಯೂ ಕೋಣೆಯಲ್ಲಿ ಪ್ರೋಗ್ರಾಮ್ ತೆರೆದಾಗ ಆ ದೈತ್ಯ ಬಾಣ ಅರ್ಧ ಮೆನುವನ್ನೇ ಮುಚ್ಚಿಬಿಟ್ಟಿತು. ರೈಲಿನಲ್ಲಿ ಬದಲಾಯಿಸಲು ಬೇಕಾದಷ್ಟು ಹೊತ್ತಿತ್ತು, ನನಗೇ ಮನಸ್ಸಾಗಿರಲಿಲ್ಲ. ಎದುರಿಗಿದ್ದ ಹಿರಿಯರು ಬಹಳ ಸಂಕೋಚದಿಂದ ಕ್ಷಮೆ ಕೋರುತ್ತಾ, “ಸುಮಿಮಾಸೆನ್, ಈ ಬಾಣ ತುಸು ದೊಡ್ಡದಾಯಿತಲ್ಲವೇ?” ಎಂದು ಕೇಳಿದರು.

ಅತ್ತೆ ಎನ್ನುವುದಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೋ, ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.

“ಹೌದು,” ಎಂದೆ. “ಮನೆಯಲ್ಲಿ ನಮ್ಮಮ್ಮನಿಗೆ ಕಾಣಬೇಕು.”