ದುಃಖಕ್ಕೆ ಗುಡುಗುವ ಪೆಟ್ಟಿಗೆ

ಕಿವಿ ಸರಿಯಿಲ್ಲವೋ ಪೆಟ್ಟಿಗೆ ಸರಿಯಿಲ್ಲವೋ, ಶಿವರಾಜು ಮೇಷ್ಟ್ರಿಗೆ ಆ ಭಾನುವಾರ ಗೊತ್ತಾಗಲಿಲ್ಲ. ಟಿವಿ ಪಕ್ಕ ಕೂತಿದ್ದ ಕರಿ ಪೆಟ್ಟಿಗೆಗೆ ಅಂಗಡಿಯವರು ಸಬ್‌ವೂಫರ್ ಅನ್ನುತ್ತಾರೆ. ದಪ್ಪ ಸದ್ದು ಮಾಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಆ ಒಂದು ಕೆಲಸವನ್ನಾದರೂ ಅದು ಮಾಡುತ್ತಿದೆಯೇ ಅನ್ನುವುದೇ ಪ್ರಶ್ನೆ. ಸ್ಪೀಕರು ಅದರ ಹೊಟ್ಟೆಯ ಕೆಳಗೆ ನೆಲಕ್ಕೆ ಮುಖ ಮಾಡಿಕೊಂಡಿತ್ತು. ಕಣ್ಣಿಗೆ ಕಾಣುತ್ತಿದ್ದುದು ಒಂದು ಕೆಂಪು ದೀಪ ಮಾತ್ರ.

ಮಂಡ್ಯದಿಂದ ಅದನ್ನು ತಂದು ಭಾರತೀನಗರದ ಈ ಬಾಡಿಗೆ ಮನೆಯಲ್ಲಿ ಇಟ್ಟ ದಿನದಿಂದ ಶಾಲೆಯಲ್ಲಿ ಸ್ಪೆಷಲ್ ಕ್ಲಾಸು. ಪೆಟ್ಟಿಗೆ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಈಗ ನೋಡಿದರೆ ಬಿಲ್ಲಿನಲ್ಲಿ ಬರೆದಿದೆ: ದೋಷವಿದ್ದರೆ ಏಳು ದಿನದೊಳಗೆ ಬದಲಾಯಿಸಿ ಕೊಡಲಾಗುವುದು. ಏಳನೇ ದಿನ ಇವತ್ತೇ. ಅಂಗಡಿ ಮುಚ್ಚುವುದು ಆರಕ್ಕೆ.

ಅದಕ್ಕಿಂತ ದೊಡ್ಡ ಗಂಡಾಂತರ ನಾಲ್ಕು ಗಂಟೆಗಿತ್ತು. ಮಳವಳ್ಳಿಯಿಂದ ಹೆಂಡತಿಯ ತಮ್ಮ ಪುಟ್ಟರಾಜು ಬರುವವನಿದ್ದ. ಅವನ ಮನೆಯಲ್ಲಿ ಆಳೆತ್ತರದ ಸ್ಪೀಕರುಗಳಿದ್ದವು. ಭಾವ ತಂದ ಕಂಪನಿಯ ಹೆಸರು ಕೇಳಿ ಫೋನಿನಲ್ಲೇ ನಕ್ಕಿದ್ದ. "ಅದು ಬರೀ ಡಬ್ಬ ಬಾವ. ಬಾನುವಾರ ಬತ್ತೀನಿ, ಗುಡುಗುಸಿ ತೋರ್ಸು ನೋಡಾನ." ಪುಟ್ಟರಾಜು ಒಮ್ಮೆ ನಕ್ಕರೆ ಆ ನಗು ಬೆಳಕವಾಡಿಯ ನೆಂಟರ ಮನೆಯವರೆಗೂ ಹೋಗಿ, ಅಲ್ಲಿಂದ ಇನ್ನಷ್ಟು ದಪ್ಪವಾಗಿ ವಾಪಸು ಬರುತ್ತಿತ್ತು.

ತಿಂಡಿ ಮುಗಿಸಿದ ಶಿವರಾಜು ಮೊದಲು ಒಂದು ಹೊಡೆದಾಟದ ಸಿನಿಮಾ ಹಾಕಿದ. ಹೀರೋ ಒಂದೇ ಏಟಿಗೆ ಎಂಟು ಜನರನ್ನು ಕಬ್ಬಿನ ಗದ್ದೆಗೆ ಎಸೆದ. ಜೀಪು ಪಲ್ಟಿ ಹೊಡೆಯಿತು, ಪೆಟ್ರೋಲ್ ಬಂಕು ಹೊತ್ತಿಕೊಂಡಿತು. ಕೇಳಿಸಿದ್ದು ಹಪ್ಪಳ ಮುರಿದ ಸದ್ದು.

"ಇದ್ಕಿಂತ ನನ್ ಕುಕ್ಕರ್ರೇ ವಾಸಿ," ಎಂದಳು ಅಡುಗೆಮನೆಯಿಂದ ಹೆಂಡತಿ ದೀಪಿಕ. "ಅದು ಕೂಗೋದಾದ್ರೂ ಊರಿಗೆ ಕೇಳುಸ್ತದೆ."

ಅಷ್ಟರಲ್ಲಿ ಹೀರೋ ಮನೆಗೆ ಬಂದ. ಜ್ವರದಿಂದ ಹಾಸಿಗೆ ಹಿಡಿದಿದ್ದ ತಾಯಿ ಕ್ಷೀಣ ದನಿಯಲ್ಲಿ, "ಊಟ ಮಾಡಿದ್ಯಾ ಮಗ?" ಎಂದಳು.

ಗುಡು ಗುಡು ಗುಡು ಗುಡು!

ಕಿಟಕಿ ಗಾಜು ನಡುಗಿತು. ಷೋಕೇಸಿನ ಗಣಪತಿ ಅರ್ಧ ಇಂಚು ಸರಿದ. ಆ ಮುದುಕಿಯ ಹೊಟ್ಟೆಯೊಳಗೆ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುತ್ತಿದ್ದಂತಿತ್ತು.

"ಬಂತು ಕಣೇ! ಬಂತು!" ಶಿವರಾಜು ಸೋಫಾದಿಂದ ಹಾರಿದ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. "ಊಟ ಮಾಡಿದ್ಯಾ ಮಗ?" ಏನೂ ಇಲ್ಲ. ಇನ್ನೊಂದು ಸಲ. ಇಲ್ಲ. ಆರು ಸಲ ಕೇಳಿಸಿದ. ತಾಯಿ ಆರು ಸಲ ಊಟ ವಿಚಾರಿಸಿದಳೇ ಹೊರತು ಗುಡುಗಲಿಲ್ಲ.

"ಏನ್ರೀ ಶಿವರಾಜು, ಬೆಳಗ್ಗಿಂದ ಒಬ್ಬಳೇ ಹೆಂಗಸು ಊಟ ಊಟ ಅಂತಿದಾಳೆ. ಯಾರಿಗಾದ್ರೂ ಬಡಿಸಬಾರದೆ?" ಎನ್ನುತ್ತ ಪಕ್ಕದ ಮನೆಯ ಕಸ್ತೂರಿರಂಗ ಒಳಗೆ ಬಂದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ವಿಷಯ ಕೇಳಿ ಅವರಿಗೆ ಉತ್ಸಾಹ ಬಂತು. "ಸಿನಿಮಾದಲ್ಲಿ ನಾದ ಎಲ್ಲಿರುತ್ತೆ? ಸಂಗೀತ ಕಚೇರಿ ಹಾಕಿ. ಮೃದಂಗದ ಎಡಗಡೆ ಪೆಟ್ಟು ಕೇಳಿದ್ರೆ ಪೆಟ್ಟಿಗೆ ಯೋಗ್ಯತೆ ಗೊತ್ತಾಗುತ್ತೆ."

ಹಾಕಿದರು. ಮೃದಂಗದವನು ಹದಿನೈದು ನಿಮಿಷ ಬೆವರು ಸುರಿಸಿ ಬಾರಿಸಿದ. ದಪ್ಪ ಸದ್ದಿಲ್ಲ. ಅವನು ಸುಮ್ಮನಾಗಿ ವೀಣೆಯಾಕೆ ಒಂದು ತಂತಿ ಮೀಟಿದಳು. ಗುಡು ಗುಡು ಗುಡು! ಕಸ್ತೂರಿರಂಗರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಇದು ವೀಣೆ ಅಲ್ಲ ಕಣ್ರೀ," ಎಂದರು ಸುಧಾರಿಸಿಕೊಂಡು, "ಮೋಲ್ಡಿಂಗ್‌ಗೆ ಕಾಂಕ್ರೀಟ್ ಕಲಸೋ ಮಿಷನ್ನು."

ಮೂರನೆಯವನಾಗಿ ಬಂದವನು ಶಿವರಾಜು ಶಾಲೆಯ ಪಿ.ಟಿ. ಮೇಷ್ಟ್ರು ಕೆಂಪಸಿದ್ದಯ್ಯ. ಅವನಿಗೆ ಎದುರು ರಸ್ತೆಯಲ್ಲಿ ಮನೆ. ಯಾರ ಮನೆಯಲ್ಲಿ ಸದ್ದಾದರೂ ಅವನ ಚಪ್ಪಲಿ ಆ ಮನೆ ಬಾಗಿಲಲ್ಲಿರುತ್ತಿತ್ತು.

"ಲೇ ಶಿವರಾಜು, ವೀಣೆಗೀಣೆ ಬುಡ್ಲಾ. ತಮಟೆ ಆಕ್ಲಾ, ತಮಟೆ! ಸತ್ತೋನೂ ಎದ್ದು ಕುಣೀಬೇಕು."

ಮೊಬೈಲಿನಿಂದ ಪೆಟ್ಟಿಗೆಗೆ ಹಾಕಿದ ತಮಟೆಗೆ ಕೆಂಪಸಿದ್ದಯ್ಯ ಲುಂಗಿ ಎತ್ತಿ ಕಟ್ಟಿ ಕುಣಿದ. ಪೆಟ್ಟಿಗೆ ಕಲ್ಲಿನಂತೆ ಕೂತಿತ್ತು. ಕುಣಿದು ಸುಸ್ತಾಗಿ ಅವನು ಕೂತ ಮೇಲೆ ಮೊಬೈಲಿನಲ್ಲಿ ತಾನಾಗಿಯೇ ಒಂದು ಜೋಗುಳ ಶುರುವಾಯಿತು. ಗುಡು ಗುಡು ಗುಡು!

ಶಿವರಾಜು ವಿಜ್ಞಾನದ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ಶಬ್ದದ ಪಾಠ ಮಾಡುತ್ತಿದ್ದವನೇ ಅವನು. ನೋಟ್‌ಬುಕ್ ತೆಗೆದು ಗೆರೆ ಎಳೆದು ಪಟ್ಟಿ ಬರೆದ. ಬಾಂಬು: ಇಲ್ಲ. ಜ್ವರದ ತಾಯಿ: ಇದೆ, ಒಂದೇ ಸಲ. ಮೃದಂಗ: ಇಲ್ಲ. ವೀಣೆ: ಇದೆ. ತಮಟೆ: ಇಲ್ಲ. ಜೋಗುಳ: ಇದೆ. ಮಧ್ಯಾಹ್ನ ಊಟಕ್ಕೆಂದು ಟಿವಿ ಆರಿಸಿದ ಮೇಲೂ ಒಂದು ಸಲ ಗುಡುಗಿತು. ಅದನ್ನು ಯಾವ ಸಾಲಿನಲ್ಲಿ ಬರೆಯುವುದೋ ತಿಳಿಯದೆ ಅವನು ಪೆನ್ನು ಕಚ್ಚಿದ.

"ಅದ್ಕೇನ್ಲಾ ತಲೆ ಕೆಡುಸ್ಕತೀಯ?" ಎಂದ ಕೆಂಪಸಿದ್ದಯ್ಯ ಎರಡನೇ ಮುದ್ದೆ ಮುರಿಯುತ್ತ. "ಪ್ಯಾನು ಆಪ್ ಮಾಡುದ್ರೂ ಒಸಿ ಒತ್ತು ತಿರುಗಲ್ವಾ? ಅಂಗೇಯ. ಒಳಗೆ ಉಳಿದಿರೋ ಸದ್ದು ಈಚೆಗೆ ಬತ್ತದೆ."

ಶಬ್ದದ ಪಾಠದಲ್ಲಿ ಹಾಗೊಂದು ಸಾಲು ಇದ್ದ ನೆನಪು ಶಿವರಾಜುಗೆ ಇರಲಿಲ್ಲ. ಇಲ್ಲ ಎನ್ನುವ ಧೈರ್ಯವೂ ಉಳಿದಿರಲಿಲ್ಲ. ಅಂಗಡಿಗೆ ಫೋನು ಮಾಡಿದ. "ಬೇಕಾದ್ದಕ್ಕೆ ಬರಲ್ಲ, ಬ್ಯಾಡದ್ದಕ್ಕೆ ಬತ್ತದೆ ಕಣಪ್ಪ" ಎಂದ.

"ಹೊಸ ಪೀಸು ಅಲ್ವಾ ಸಾರ್, ಇನ್ನೂ ಪಳಗಬೇಕು," ಎಂದಿತು ಆ ಕಡೆಯ ದನಿ. "ಅನುಮಾನ ಇದ್ರೆ ಆರರೊಳಗೆ ತನ್ನಿ. ಆಮೇಲೆ ಬಂದ್ರೆ ನಮ್ ಕೈಲಿಲ್ಲ."

ಕಸ್ತೂರಿರಂಗರು ಪಟ್ಟಿಯನ್ನು ಎರಡು ಸಲ ಓದಿ ತೀರ್ಪು ಕೊಟ್ಟರು. "ಇದಕ್ಕೆ ಗಲಾಟೆ ಆಗಲ್ಲ. ಕರುಣ ರಸಕ್ಕೆ ಮಾತ್ರ ಸ್ಪಂದಿಸುತ್ತೆ. ನಿಮ್ಮ ಬಾಮೈದನಿಗೆ ಯಾವುದಾದರೂ ಅಳೋ ಚಿತ್ರ ಹಾಕಿ."

ಬೇರೆ ದಾರಿ ಇರಲಿಲ್ಲ. ಮೊದಲರ್ಧದಲ್ಲಿ ಇಬ್ಬರು, ಎರಡನೆಯರ್ಧದಲ್ಲಿ ಮೂವರು ಸಾಯುವ ಸಿನಿಮಾ ಆರಿಸಿದರು.

ಪುಟ್ಟರಾಜು ನಾಲ್ಕಕ್ಕೆ ಸರಿಯಾಗಿ ಬಂದ. ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತ, ಸೋಫಾದ ಮಧ್ಯೆ ಕೂತು, "ಊಂ, ಆಕು ಬಾವ" ಎಂದ. ತೆರೆಯ ಮೇಲೆ ಅಜ್ಜ ಸತ್ತ. ಸದ್ದಿಲ್ಲ. ಅತ್ತೆ ಸತ್ತಳು. ಸದ್ದಿಲ್ಲ. ಪುಟ್ಟರಾಜುವಿನ ಮೀಸೆಯ ಕೆಳಗೆ ನಗು ಮೊಳೆಯಿತು.

"ಬಾವ, ಎಲ್ರೂ ಸತ್ರೂ ನಿನ್ ಡಬ್ಬ ಉಸ್ರು ಬುಡ್ತಿಲ್ವಲ್ಲ!"

"ಈಗ ಬತ್ತದೆ ಇರು. ಡಿಶ್ಶು ಒಸಿ ಅಲ್ಲಾಡಿರ್ಬೇಕು," ಎಂದು ಬಾಯಿಗೆ ಬಂದದ್ದು ಹೇಳಿ ಶಿವರಾಜು ತಾರಸಿಗೆ ಓಡಿದ. ನಿಜವಾಗಿ ಅವನಿಗೆ ಬೇಕಿದ್ದುದು ಎರಡು ನಿಮಿಷ ಯಾರೂ ನಗದ ಜಾಗ.

ತಾರಸಿಯಲ್ಲಿ, ಅವನ ಹಾಲಿಗೆ ನೇರ ಮೇಲೆ, ನೀಲಿ ಟಾರ್ಪಾಲು ಅರ್ಧ ಸರಿಸಿಕೊಂಡು ಕೆಳಮನೆಯ ಓನರಮ್ಮ ಸಣ್ಣತಾಯಮ್ಮ ನಿಂತಿದ್ದರು. ಅವರ ಮುಂದೆ ಒಂದು ಹಳೇ ವಾಷಿಂಗ್ ಮಿಷನ್ನು. ಸುತ್ತ ಹಗ್ಗಗಳ ತುಂಬ ಬಟ್ಟೆ.

"ಅಯ್ಯೋ, ನೋಡ್ಬುಟ್ರಾ ಮೇಷ್ಟ್ರೇ?" ಎಂದು ಅವರು ಟಾರ್ಪಾಲು ಎಳೆದರು. "ಯಾರ್ಗೂ ಯೋಳ್ಬ್ಯಾಡಿ ಕಣಪ್ಪ. ನನ್ ತಂಗಿ ಮಗ ಬ್ಯಾಡ ಅಂತ ಕೊಟ್ಟಿದ್ದು. ಗೊತ್ತಾದ್ರೆ ಬಾಡಿಗೆಯೋರೆಲ್ಲ ಕಂಬ್ಳಿ ತಂದು ಸುರೀತಾರೆ ಅಂತ ಬಚ್ಚಿಟ್ಟಿದ್ದೆ. ಇವತ್ತು ನೀರು ಬುಡೋ ದಿನ ಅಲ್ವಾ, ಬೆಳಗಿಂದ ನಾಲ್ಕು ಸಲ ಆಕ್ದೆ."

"ನಾಲ್ಕು ಸಲ?"

"ಊಂ. ಒಗೆಯೋವಾಗ ಪಾಪ ಸುಮ್ನಿರ್ತದೆ. ಕೊನೇಲಿ ಹಿಂಡೋಕೆ ಸುರು ಮಾಡ್ತು ಅಂದ್ರೆ ಹೋರಿಕರ ಕುಣ್ದಂಗೆ ಕುಣೀತದೆ. ತಬ್ಕಂಡು ನಿಂತ್ಕಬೇಕು. ನಿಮ್ಗೇನಾದ್ರೂ ಕೇಳುಸ್ತಾ?"

ಶಿವರಾಜು ಟಾರ್ಪಾಲನ್ನೂ ತನ್ನ ಪಾದದ ಕೆಳಗಿನ ತಾರಸಿಯನ್ನೂ ನೋಡಿದ. ಜ್ವರದ ತಾಯಿ, ವೀಣೆ, ಜೋಗುಳ, ಆರಿಸಿದ ಟಿವಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಪೆಟ್ಟಿಗೆ ಹುಟ್ಟಿದಾಗಿನಿಂದ ಮೂಗ.

ಗಂಟೆ ನಾಲ್ಕೂವರೆ. ಈಗಲೇ ಹೊತ್ತುಕೊಂಡು ಬಸ್ಸು ಹತ್ತಿದರೆ ಆರರೊಳಗೆ ಮಂಡ್ಯ. ಹೊಸ ಪೆಟ್ಟಿಗೆ ಸಿಗುತ್ತದೆ. ಆದರೆ ಹೊತ್ತುಕೊಂಡು ಹೋಗಬೇಕಾದದ್ದು ಪುಟ್ಟರಾಜು ಎದುರಿಗೇ. ಆ ನಗು ಕೆಳಗಿನ ಸೋಫಾದಲ್ಲಿ ಕೂತು ಕಾಯುತ್ತಿತ್ತು.

"ಅಮ್ಮ, ಇನ್ನೊಂದೇ ಒಂದು ಸಲ ಹಿಂಡಿ."

"ಏನ್ ಹಿಂಡ್ಲಿ, ನಿಮ್ ತಲೇನಾ? ಬಟ್ಟೆ ಎಲ್ಲಾ ಮುಗೀತು."

ಶಿವರಾಜು ಕೆಳಗಿಳಿದು ಅಡುಗೆಮನೆಯ ಹಿಂಬಾಗಿಲಿಂದ ನುಗ್ಗಿ, ಒಲೆ ಕಡೆ ತಿರುಗಿದ್ದ ದೀಪಿಕಳ ಬೆನ್ನ ಹಿಂದೆಯೇ ಹೋಗಿ, ಹಾಸಿಗೆಯ ಮೇಲಿನ ಎರಡು ಬೆಡ್‌ಶೀಟು, ಒಂದು ರಗ್ಗು ಕಿತ್ತು ತಂದು ಬಕೆಟ್ಟಿನಲ್ಲಿ ಅದ್ದಿ ಮಿಷನ್ನಿಗೆ ತುರುಕಿದ. "ಸರಿಯಾಗಿ ಐದು ನಿಮಿಷ ಬುಟ್ಟು ಹಿಂಡೋ ಬಟನ್ ಒತ್ತಿ. ತಬ್ಕಬೇಡಿ. ಎಷ್ಟು ಕುಣಿತದೋ ಕುಣೀಲಿ."

ಕೆಳಗೆ ಬಂದು ಸಾವಿನ ಸಿನಿಮಾ ತೆಗೆದು ಯುದ್ಧದ ಸಿನಿಮಾ ಹಾಕಿದ. ಕಸ್ತೂರಿರಂಗರು "ಇದಕ್ಕೆ ಆಗಲ್ಲ ಕಣ್ರೀ, ಕರುಣ ರಸ..." ಎನ್ನುವಷ್ಟರಲ್ಲಿ ಆನೆಗಳು ಓಡಿದವು, ಫಿರಂಗಿ ಸಿಡಿಯಿತು. ಅದೇ ಕ್ಷಣಕ್ಕೆ ಮೇಲೆ ರಗ್ಗು ತಿರುಗಿತು.

ಮನೆ ಅದುರಿತು. ಗೋಡೆಯ ಕ್ಯಾಲೆಂಡರು ಕಳಚಿಬಿತ್ತು. ಪುಟ್ಟರಾಜುವಿನ ಕಾಫಿ ಲೋಟ ಟೀಪಾಯಿಯ ಮೇಲೆ ತಾನಾಗಿಯೇ ನಡೆದು ಅಂಚಿಗೆ ಹೋಗಿ ನಿಂತಿತು. ಪುಟ್ಟರಾಜು ಎದೆ ಹಿಡಿದುಕೊಂಡು ಎದ್ದ.

"ಬಾವ! ಬುಡಪ್ಪ, ಒಪ್ಕಂಡೆ! ನನ್ ಮನೇಲೂ ಇಂಗೆ ಬರಲ್ಲ! ತಲೆ ಮ್ಯಾಲಿಂದ ಬಂದಂಗದೆ!"

"ಅದೇ ಅದರ ವಿಶೇಷ," ಎಂದ ಶಿವರಾಜು. ಬೆಳಗಿನಿಂದ ಮೊದಲ ಬಾರಿಗೆ ಅವನ ಬೆನ್ನು ನೆಟ್ಟಗಾಗಿತ್ತು. ಕೆಂಪಸಿದ್ದಯ್ಯ ಸಿಳ್ಳೆ ಹೊಡೆದ. ಸದ್ದು ನಿಂತ ಕೂಡಲೇ ಶಿವರಾಜು ಟಿವಿ ಆರಿಸಿ, ಎಲ್ಲರಿಗೂ ಚಕ್ಕುಲಿ ಕೊಡಿಸಿ, ಒಂದು ಗಂಟೆ ಹರಟೆ ಹೊಡೆದು ಗಡಿಯಾರ ನೋಡಿದ. ಐದೂಮುಕ್ಕಾಲು. ಅಂಗಡಿ ಕೈಬಿಟ್ಟಿತು, ಹೋಗಲಿ. ಮಾನ ಉಳಿಯಿತು.

ಹೊರಡುವಾಗ ಪುಟ್ಟರಾಜು ಭಾವನನ್ನೂ ಅಕ್ಕನನ್ನೂ ಕಾರಿನ ಹತ್ತಿರ ಕರೆದೊಯ್ದು ಡಿಕ್ಕಿ ಎತ್ತಿದ. ಒಳಗೆ ಒಂದು ದೊಡ್ಡ ಪೆಟ್ಟಿಗೆ ಇತ್ತು. ಹೊಸದು, ಟೇಪು ಕೂಡ ಬಿಚ್ಚಿರಲಿಲ್ಲ.

"ನೋಡು ಬಾವ, ನಿನ್ತಾವ ಯಾಕೆ ಮುಚ್ಚಿಡಾನ. ಬೆಳಿಗ್ಗೆ ಮಂಡ್ಯಕ್ಕೆ ಓಗಿದ್ದೆ. ನೀನು ತಂದಿರೋ ಮಾಡಲ್ ಎಲ್ಲಾ ಮೂಗ ಬಂದವೆ ಅಂತ ಅಂಗಡಿಯೋನೇ ಒಪ್ಕಂಡ. ಗಲಾಟೆ ಮಾಡಿ, ನಿಂದ್ರ ಬದ್ಲು ಇದನ್ನ ಎತ್ತಾಕ್ಕೊಂಡು ಬಂದೆ. ಅದ್ಕಿಂತ ಎರಡರಷ್ಟು ದೊಡ್ದು. ಒಂದೀಟು ರೇಗ್ಸಿ, ಆಮ್ಯಾಕೆ ಇಟ್ಟೋಗಾನ ಅಂತಿದ್ದೆ." ಅವನು ಡಿಕ್ಕಿ ದಡಾರನೆ ಮುಚ್ಚಿದ. "ನಿಂದೇ ಆಪಾಟಿ ಗುಡುಗೋವಾಗ ನಿಂಗ್ಯಾಕೆ ಇದು? ನಾನೇ ಮಡಿಕ್ಕತೀನಿ."

ಶಿವರಾಜು ಬಾಯಿ ತೆರೆದ. ಒಳಗೆ ಉಳಿದಿದ್ದ ಸದ್ದು ಈಚೆಗೆ ಬರಲಿಲ್ಲ. ಕಾರು ಮಳವಳ್ಳಿ ರಸ್ತೆಗೆ ತಿರುಗಿ ಮರೆಯಾಯಿತು.

"ನೋಡಿದ್ರಾ ನನ್ ತಮ್ಮನ ಮನಸ್ಸು?" ದೀಪಿಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಒಳಗೆ ಹೋಗಿ ಕರಿ ಪೆಟ್ಟಿಗೆಯ ಎದುರಿಗೇ ಚಾಪೆ ಹಾಸಿ ಕೂತಳು. "ನಾನು ಆಗ ಚಕ್ಕುಲಿ ಕರೀತಿದ್ನಲ್ಲ, ನೆಟ್ಟಗೆ ಕೇಳ್ಲೇ ಇಲ್ಲ. ಆ ಆನೆದು ಇನ್ನೊಂದ್ಸಲ ಹಾಕ್ರೀ."

ಶಿವರಾಜು ರಿಮೋಟು ಹಿಡಿದು ಸೂರಿನ ಕಡೆ ನೋಡಿದ.

"ಹಾಕ್ತೀನಿ ಇರು," ಎಂದ. "ಮನೇಲಿ ಒಗೆಯೋ ಬಟ್ಟೆ ಇನ್ನೇನಾದ್ರೂ ಅವಾ?"