ಬೆನ್ನು ನೋಡಿ ಬಟ್ಟೆ ಆರಿಸಿದವಳು

ನನ್ನ ತಮ್ಮನ ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಅಜ್ಜಂಪುರದಿಂದ ಕಡೂರಿನವರೆಗೆ ಬೇಕಾದಷ್ಟು ಜನ ಇದ್ದಾರೆ, ನಾನ್ಯಾಕೆ ಸುಮ್ಮನೆ ಗಂಟಲು ನೋಯಿಸಿಕೊಳ್ಳಲಿ?

ಅವಳು ಕಾಲೇಜಿನಲ್ಲಿ ಬಾಟನಿ ಪಾಠ ಹೇಳುತ್ತಾಳೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಬಾಳೆಲೆಯನ್ನು ಮೊದಲು ಮಗುಚಿ, ಹಿಂಬದಿ ನೋಡಿ, ಬೆರಳಾಡಿಸಿ, ಆಮೇಲೆ ನೆಟ್ಟಗೆ ಹಾಸಿಕೊಳ್ಳುತ್ತಾಳೆ. "ಎಲೆಯ ನಿಜವಾದ ಸಮಾಚಾರ ಎಲ್ಲ ಹಿಂದುಗಡೆ ಇರುತ್ತೆ ಅತ್ತೆ" ಎನ್ನುತ್ತಾಳೆ. ಅಷ್ಟು ಹೊತ್ತೂ ಪಲ್ಯದವನು ಸೌಟು ಹಿಡಿದು ಅವಳ ಮುಂದೆ ನಿಂತಿರಬೇಕು! ಪಕ್ಕದ ಎಲೆಯವರು ನನ್ನ ಮುಖ ನೋಡುತ್ತಾರೆ. ನಾನು ನೀರಿನ ಲೋಟ ನೋಡುತ್ತೇನೆ.

ಚಿಕ್ಕಂದಿನಿಂದ ಎಲ್ಲ ತಾನೇ ಮಾಡಿಕೊಳ್ಳಬೇಕು. ಫ್ರಾಕಿನ ಗುಂಡಿ ಹಾಕಲು ಹೋದರೆ "ನಾನೇ!" ಎಂದು ಕೈ ತಳ್ಳುತ್ತಿದ್ದಳು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹಾಕಿಕೊಂಡು, ಒಂದು ಭುಜ ಎತ್ತಿಕೊಂಡು, ಸ್ಕೂಲಿಗೆ ಮಹಾರಾಣಿಯ ಹಾಗೆ ಹೋಗುತ್ತಿದ್ದಳು.

ಇಂಥವಳಿಗೆ ಗಂಡು ಹುಡುಕುವುದೆಂದರೆ ಸುಮ್ಮನೆಯೇ? ನೋಡಲು ಬಂದವರನ್ನೆಲ್ಲ "ನಿಮಗೆ ಕಾಯಿ ತುರಿಯೋಕೆ ಬರುತ್ತಾ?" ಎಂದು ಕೇಳುತ್ತಿದ್ದಳು. ಒಬ್ಬ ನಕ್ಕ. ಒಬ್ಬ ತನ್ನ ಅಮ್ಮನ ಮುಖ ನೋಡಿದ. ಇನ್ನೊಬ್ಬನ ಅಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಕೊನೆಗೆ ತರೀಕೆರೆಯ ಹುಡುಗ ಬಂದ. ಪ್ರಶ್ನೆ ಕೇಳಿ ಸ್ವಲ್ಪ ಯೋಚಿಸಿ, "ಹಸಿಕಾಯೋ, ಕೊಬ್ಬರಿನೋ?" ಎಂದ. ಇವಳು ಒಳಗೆ ಬಂದು, "ಅಮ್ಮ, ಉಪ್ಪಿಟ್ಟು ಇನ್ನೂ ಸ್ವಲ್ಪ ಬಡಿಸು. ಇವರೇ" ಎಂದಳು. ಅಲ್ಲಿಗೆ ಮದುವೆ ಸೆಟಲ್ ಆಯಿತು!

ಆಮೇಲೆ ಶುರುವಾಯಿತು ಬ್ರೈಡಲ್ ಶವರ್ ಗಲಾಟೆ. ಮದುವೆಗೆ ಮುಂಚೆ ಗೆಳತಿಯರೆಲ್ಲ ಸೇರಿ ಮದುಮಗಳಿಗೆ ಮಾಡುವ ಪಾರ್ಟಿ. ಕೇಕು, ಬಲೂನು, ಫೋಟೋ ಎಲ್ಲ ಇರಬೇಕು. ಗೆಳತಿಯರು ಲ್ಯಾವೆಂಡರ್ ಬಣ್ಣದ ಗೌನ್ ಎಂದು ತೀರ್ಮಾನಿಸಿದ್ದರು. ನನ್ನ ತಮ್ಮನ ಹೆಂಡತಿ ಮಗಳ ಮೊಬೈಲಿನಲ್ಲಿ ಆ ಬಣ್ಣ ನೋಡಿ, "ಬದನೆ ಹೂವು ಇದ್ದಂಗೈತೆ. ಕೇಕ್ ಏನಾದ್ರೂ ಕುಯ್ಕೊಳ್ಳಿ, ಅವತ್ತೇ ಬಳೆಶಾಸ್ತ್ರನೂ ಆಗ್ಬೇಕು, ಹಸಿರು ಮೈಮೇಲೆ ಇರ್ಲೇಬೇಕು" ಎಂದಳು. ಒಂದೇ ದಿನ, ಒಂದೇ ಹುಡುಗಿ, ಎರಡು ಬಣ್ಣ.

"ಬಟ್ಟೆ ಆರಿಸೋಕೆ ಅತ್ತೆ ಬರ್ಬೇಕು. ಅವತ್ತು ನನ್ನ ಪಕ್ಕ ಕೂತ್ಕೋಬೇಕು" ಎಂದಳು ಮದುಮಗಳು.

"ಆರಿಸೋಕೆ ಬರ್ತೀನಿ ಕಣೇ. ಅವತ್ತು ಮಾತ್ರ ನಾನು ಕೋಸಂಬರಿ ಡಿಪಾರ್ಟ್‌ಮೆಂಟು" ಎಂದೆ.

ನಮ್ಮ ಯಜಮಾನರು ಹೋದ ಮೇಲೆ ಶಾಸ್ತ್ರದ ಹೊತ್ತಿಗೆ ನಾನು ಅಡುಗೆಮನೆ ಸೇರಿಬಿಡುತ್ತೇನೆ. ಹೋಗಿ ಎಂದು ಯಾರೂ ಹೇಳಿದವರಿಲ್ಲ. ಬನ್ನಿ ಎಂದೂ ಯಾರೂ ಹೇಳಲಿಲ್ಲ. ಕುರ್ಚಿ ತೋರಿಸದ ಕಡೆ ಕೂರಬಾರದು ಎನ್ನುವುದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಗುಡ್ ಮ್ಯಾನರ್ಸ್. ಬಳೆಗಳ ಸದ್ದು ಒಳಗೂ ಚೆನ್ನಾಗಿಯೇ ಕೇಳಿಸುತ್ತದೆ ಬಿಡಿ.

ಅವಳು ನನ್ನನ್ನೇ ನೋಡಿ, "ನೋಡೋಣ" ಎಂದಳು.

ಮೊದಲು ಕಡೂರಿಗೆ ಹೋದೆವು. ಅಂಗಡಿಯವನು ಗೌನುಗಳ ರಾಶಿ ಹಾಕಿದ. ಇವಳು ಒಂದೊಂದನ್ನೂ ಬಾಳೆಲೆ ಮಗುಚಿದ ಹಾಗೆ ಮಗುಚಿ ಬೆನ್ನು ನೋಡುತ್ತಾಳೆ! ಜಿಪ್ಪು ಮೇಲಕ್ಕೆ ಎಳೆಯುತ್ತಾಳೆ, ಕೆಳಕ್ಕೆ ಎಳೆಯುತ್ತಾಳೆ, ಪಕ್ಕಕ್ಕಿಡುತ್ತಾಳೆ.

"ಏನ್ ಮೇಡಂ, ಮುಂದ್ಗಡೆ ಇಷ್ಟೊಂದ್ ವರ್ಕ್ ಐತೆ, ನೀವು ಹಿಂದ್ಗಡೆನೇ ನೋಡ್ತೀರಲ್ಲ?"

"ಮುಂದ್ಗಡೆ ನೋಡೋಕೆ ಜನ ಬರ್ತಾರಲ್ಲ."

"ಇದು ನೋಡಿ, ಯಾರ ಹೆಲ್ಪೂ ಬೇಡ, ಒಬ್ರೇ ಹಾಕ್ಕೋಬೋದು."

"ಅದೇ ಅದರ ಪ್ರಾಬ್ಲಂ" ಎಂದು ಎದ್ದಳು.

ಗುಂಡಿಗಾಗಿ ನನ್ನ ಕೈ ತಳ್ಳುತ್ತಿದ್ದವಳು ಇವಳೇನಾ? ನನಗಂತೂ ತಲೆಬುಡ ತಿಳಿಯಲಿಲ್ಲ. ಬಸ್ಸಿನಲ್ಲಿ ಕೇಳಿದೆ. "ಬೆನ್ನಲ್ಲಿ ಏನು ಹುಡುಕ್ತಿದೀಯೇ?" ಕಿಟಕಿಯಾಚೆ ನೋಡುತ್ತ, "ಸಿಕ್ಕಿದ್ಮೇಲೆ ಹೇಳ್ತೀನಿ" ಎಂದಳು.

ತರೀಕೆರೆಯ ಅಂಗಡಿಯಲ್ಲಿ ಇನ್ನೊಂದು ಕಥೆ. ಅಲ್ಲಿ ಯಾರು ಸಿಗಬೇಕು? ಇವಳ ಭಾವೀ ಅತ್ತೆ! ಆ ತಾಯಿ ದಿಂಬಿನ ಕವರ್ ಕೊಳ್ಳಲು ಬಂದಿದ್ದರು. ಬೇರೆ ಹುಡುಗಿಯಾಗಿದ್ದರೆ ನಾಚಿಕೊಂಡು ನನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಇವಳು ಗೌನಿನ ಮೇಲೆ ತೊಡುವ ಒಂದು ಜಾಕೆಟ್ಟು ಅವರ ಮುಂದೆ ಹಿಡಿದು, "ಒಳ್ಳೇ ಟೈಮಿಗೆ ಬಂದ್ರಿ ನೋಡಿ! ನಮ್ಮಿಬ್ಬರ ಎತ್ತರ ಒಂದೇ. ಇದನ್ನ ಒಂಚೂರು ಹಾಕ್ಕೊಂಡು ತಿರುಗಿ ನಿಂತ್ಕೊಳ್ಳಿ. ನನ್ನ ಬೆನ್ನು ನನಗೆ ಕಾಣಲ್ಲ" ಎಂದಳು.

ಗುಡ್ ಗ್ರೇಷಸ್! ಸಂಬಂಧ ಅಲ್ಲೇ ಮುರಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಬೀಗಿತ್ತಿ ಸೀರೆಯ ಮೇಲೇ ಮಿಣಮಿಣ ಜಾಕೆಟ್ಟು ಏರಿಸಿಕೊಂಡು ಕನ್ನಡಿ ಮುಂದೆ ನಿಂತಿದ್ದರು! ಆ ಕಡೆ ತಿರುಗಿದರು, ಈ ಕಡೆ ತಿರುಗಿದರು.

"ನಂಗೆ ಯಾರೂ ಇಂಥದ್ದು ಹಾಕ್ಕೋ ಅಂದಿರ್ಲಿಲ್ಲ ಕಣ್ರೀ" ಎಂದರು ನನ್ನ ಕಡೆ ನೋಡಿ.

ನನಗೂ ಅಂದಿರಲಿಲ್ಲ. ನಮ್ಮ ಕಾಲದಲ್ಲಿ ಮದುವೆ ಹೆಣ್ಣಿನ ಸೀರೆ ಆರಿಸುತ್ತಿದ್ದವರು ಹೆಣ್ಣೊಬ್ಬಳನ್ನು ಬಿಟ್ಟು ಉಳಿದವರೆಲ್ಲ. ನನ್ನ ಧಾರೆ ಸೀರೆಯ ಬಣ್ಣ ನಾನು ಮೊದಲು ನೋಡಿದ್ದು ಅದನ್ನು ಉಟ್ಟ ಮೇಲೆ. ಬಣ್ಣ ಚೆನ್ನಾಗಿಯೇ ಇತ್ತು. ಆದರೂ ಯಾರಾದರೂ ಕೇಳಬಹುದಿತ್ತು, ಅಲ್ಲವೆ?

ಇಬ್ಬರು ಅತ್ತೆಯರೂ ಕನ್ನಡಿ ನೋಡಿಕೊಂಡು ಹೊರಬಿದ್ದೆವು. ಮದುಮಗಳಿಗೆ ಏನೂ ಸಿಗಲಿಲ್ಲ. ಜಾಕೆಟ್ಟು ಮಾತ್ರ ಸೇಲ್ ಆಯಿತು, ಬೀಗಿತ್ತಿಗೆ!

ಕೊನೆಗೆ ನಮ್ಮ ಅಜ್ಜಂಪುರದ ಟೈಲರಮ್ಮನೇ ಗತಿ. ಅಮ್ಮನ ಹಳೆಯ ಹಸಿರು ರೇಷ್ಮೆಸೀರೆಯಲ್ಲಿ ಲಂಗ, ಬ್ಲೌಸು, ಮೇಲೆ ಗೆಳತಿಯರ ಲ್ಯಾವೆಂಡರ್ ದುಪಟ್ಟಾ. ಎರಡು ಪಾರ್ಟಿಗಳಿಗೂ ಸಮಾಧಾನ. ಬ್ಲೌಸಿನ ಬೆನ್ನಿಗೆ ಮಾತ್ರ ಕಟ್ಟುವ ದಾರ ಬೇಕು, ಅದೂ ಉದ್ದ ಇರಬೇಕು ಎಂದು ಕೈ ಚಾಚಿ ತೋರಿಸಿದಳು.

"ಅಷ್ಟುದ್ದ ಏತಕ್ಕವ್ವಾ? ಎಮ್ಮೆ ಕಟ್ತೀಯಾ?" ಎಂದಳು ಟೈಲರಮ್ಮ.

"ಎಮ್ಮೆಗಿಂತ ಮೊಂಡು" ಎಂದಳು ಇವಳು. ಹಾಗೆನ್ನುವಾಗ ನನ್ನ ಕಡೆ ಯಾಕೆ ನೋಡಿದಳೋ!

ಆ ದಿನ ಬಂತು. ಹಾಲಿನಲ್ಲಿ ಬಲೂನು, ಮಧ್ಯೆ ಜಮಖಾನ, ಬಳೆಗಾರ್ತಿ ತನ್ನ ಹಸಿರು ಗಾಜಿನ ಬಳೆಗಳ ಮಲಾರ ಬಿಚ್ಚಿಕೊಂಡು ಕೂತಿದ್ದಳು. ನಾನು ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಕೋಣೆಯಿಂದ ಗಲಾಟೆ ಕೇಳಿಸಿತು. ಗೆಳತಿ ದಾರ ಕಟ್ಟಿದರೆ ಸಡಿಲವಂತೆ, ಚಿಕ್ಕಮ್ಮ ಕಟ್ಟಿದರೆ ಉಸಿರು ಕಟ್ಟುತ್ತದಂತೆ, ಅಮ್ಮ ಕಟ್ಟಿದರೆ ಸೊಟ್ಟವಂತೆ.

ಕೊನೆಗೆ ತಮ್ಮನ ಹೆಂಡತಿಯೇ ಅಡುಗೆಮನೆ ಬಾಗಿಲಿಗೆ ಬಂದಳು. "ಅತ್ತಿಗೆ, ಬನ್ನಿ. ನಿಮ್ಮ ಕೈಲೇ ಕಟ್ಟಿಸ್ಕೋಬೇಕಂತೆ ಮಹಾರಾಯ್ತಿ. ಹೊರಗೆಲ್ಲ ಕಾಯ್ತಾವ್ರೆ."

ಕೈ ಒರೆಸಿಕೊಂಡು ಹೋದೆ. ದುಪಟ್ಟಾ ಹೊದ್ದು ನಿಂತಿದ್ದಳು, ದಾರದ ಎರಡು ತುದಿ ಬೆನ್ನಿಗೆ ಜೋತಾಡುತ್ತಿದ್ದವು. ನಾನು ಹಿಡಿದು ಎಳೆದಿದ್ದೇ ತಡ, "ಹಾಂ, ಈಗ ಸರಿಹೋಯ್ತು! ಗಂಟು ಹಾಕ್ಬೇಡ, ಹಿಂಗೇ ಹಿಡ್ಕೊಂಡಿರು. ಬಿಟ್ರೆ ಬ್ಲೌಸು ಜಾರುತ್ತೆ, ಮರ್ಯಾದೆ ಹೋಗುತ್ತೆ" ಎಂದು ನಡೆದೇಬಿಟ್ಟಳು!

ನಾನೇನು ಮಾಡಲಿ? ಬಿಟ್ಟರೆ ಅವಳ ಮಾನ, ಹಿಡಿದರೆ ನನ್ನ ಮಾನ. ದಾರ ಹಿಡಿದು ಅವಳ ಹಿಂದೆ ಹೊಸಿಲು ದಾಟಿ ಹಾಲಿಗೆ ಬಂದೆ. ಅವಳು ಜಮಖಾನದ ಮೇಲೆ ಕೂತಳು. ನಾನು ಬಗ್ಗಿಕೊಂಡು ನಿಂತೆ. ಯಾರೋ ಸೀರೆ ಸರಿಮಾಡಿಕೊಂಡರು. ತಮ್ಮನ ಹೆಂಡತಿ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು.

"ಎಷ್ಟೊತ್ತು ಹಂಗೆ ಬಗ್ಗಿರ್ತೀರಿ ಅತ್ತಿಗೆ, ಸೊಂಟ ಹಿಡ್ಕೊಳ್ಳುತ್ತೆ" ಎಂದು ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಿ."

ಕೂತೆ. ಬಳೆಗಾರ್ತಿ ಬಳೆ ಎತ್ತಿಕೊಂಡು, "ಮೊದ್ಲು ಯಾರ್ ತೊಡ್ಸೋದು ಹೇಳ್ರವ್ವಾ" ಎಂದಳು.

ತಮ್ಮನ ಹೆಂಡತಿ ಮಗಳ ಮುಖ ನೋಡಿದಳು. ಆಮೇಲೆ ಬಳೆ ಈಸಿಕೊಂಡು ನನ್ನ ಕಡೆ ಚಾಚಿದಳು.

"ನನ್ನ ಕೈ ಖಾಲಿ ಇಲ್ವಲ್ಲ!" ಎಂದೆ, ದಾರ ತೋರಿಸಿ.

"ಬಿಡು ಅತ್ತೆ, ಏನೂ ಆಗಲ್ಲ."

"ಜಾರುತ್ತೆ ಕಣೇ!"

"ಬಿಟ್ಟು ನೋಡು."

ದಾರ ಬಿಟ್ಟೆ. ಬ್ಲೌಸು ಕೂದಲೆಳೆಯಷ್ಟೂ ಅಲುಗಲಿಲ್ಲ. ಅವಳು ಕೈ ಮುಂದೆ ಚಾಚಿದಳು. ದುಪಟ್ಟಾ ಸರಿಯಿತು. ಅವಳ ಕಂಕುಳಿನ ಕೆಳಗೆ ಒಂದು ಜಿಪ್ಪು, ಮೇಲಿನವರೆಗೆ ಎಳೆದು ಭದ್ರವಾಗಿ ಕೂತಿತ್ತು.

"ಕಳ್ಳಿ!" ಎಂದೆ.

"ಬೈಯೋದು ಆಮೇಲೆ ಬೈಯುವಂತೆ" ಎಂದು ಬೆರಳುಗಳನ್ನು ಒತ್ತಾಗಿ ಕೂಡಿಸಿ ನನ್ನ ಅಂಗೈಯಲ್ಲಿಟ್ಟಳು. "ಬಳೆ ತೊಡ್ಸು."